ಒಂದೇ ಸಿ.ಡಿ., ಎರಡು ತಂಬೂರಿ: ಧ್ವನಿಸಾಂದ್ರಿಕೆಯ ಕೊರತೆ ನಿಜಕ್ಕೂ ಎಲ್ಲಿದೆ?

ಧಾರವಾಡದ ಕೇಳುಗ

ಎಲ್ಲರಿಗೂ ನಮಸ್ಕಾರ. ನನ್ನ ಭಾವನವರು 1986ರಲ್ಲಿ ಜರ್ಮನಿಯಿಂದ ಮರಳುವಾಗ ತಂದುಕೊಟ್ಟ ಹಿಂದೂಸ್ತಾನಿ ಗಾಯನದ ಒಂದು ಸಿ.ಡಿ. ನನ್ನ ಬಳಿ ಇದೆ. ಡಬ್ಬಿಯ ಹಿಂಬದಿಯಲ್ಲಿ ಜಪಾನಿನಲ್ಲಿ ತಯಾರಾದದ್ದೆಂದು ಅಚ್ಚಾಗಿದೆ. ಅದನ್ನು ಮೂವತ್ತು ವರ್ಷಗಳಿಂದ ಅದೇ ಹಳೆಯ ಪ್ಲೇಯರಿನಲ್ಲಿ ಕೇಳುತ್ತ ಬಂದವನು ನಾನು. ಕಳೆದ ತಿಂಗಳು ರಜೆಗೆ ಬಂದಿದ್ದ ಮಗ ಅದನ್ನು ಕಂಪ್ಯೂಟರಿಗೆ ಇಳಿಸಿ, ಒಂದಿಷ್ಟೂ ಕುಗ್ಗಿಸದ ಕಡತವೆಂದು ಹೇಳಿ ಕೊಟ್ಟು ಹೋದ. ಕೇಳಿದರೆ ನನಗೆ ಗಾಬರಿಯಾಯಿತು. ತಂಬೂರಿಯ ಜೀವಾಳವೇ ಹೋಗಿ ತಗಡು ಬಡಿದಂತೆ ಕೇಳಿಸುತ್ತದೆ, ಗಾಯಕರು ‘ಸ’ ಎಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ, ತಬಲದ ಕಿನಾರದ ಪೆಟ್ಟು ಗಾಜಿನ ಮೇಲೆ ಬಿದ್ದಂತಿರುತ್ತದೆ. ಅದೇ ತಟ್ಟೆಯನ್ನು ಹಳೆಯ ಪ್ಲೇಯರಿಗೆ ಹಾಕಿದರೆ ಎಲ್ಲವೂ ಸರಿಯಾಗಿದೆ. ಆಂಪ್ಲಿಫೈಯರ್ ಒಂದೇ, ಸ್ಪೀಕರುಗಳೂ ಅವೇ.

ಡಿಜಿಟಲ್ ಎಂದರೆ ಅಂಕಿಗಳು, ಅಂಕಿಗಳು ಎಲ್ಲಿಟ್ಟರೂ ಅವೇ ಎಂದು ಮಗ ವಾದಿಸುತ್ತಾನೆ. ಹಾಗಾದರೆ ಒಂದೇ ಸಿ.ಡಿ.ಯಿಂದ ಎರಡು ತಂಬೂರಿ ಹುಟ್ಟುವುದು ಹೇಗೆ? ಸಿ.ಡಿ. ಎಂಬ ವ್ಯವಸ್ಥೆಯಲ್ಲೇ ಏನೋ ಕೊರತೆಯಿದೆ ಎಂದು ಹಲವರು ಬರೆದದ್ದನ್ನು ಓದಿದ್ದೇನೆ. ಅದು ಏನು ಎಂದು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಎಲ್‌ಪಿ ಸಂಗ್ರಾಹಕ, ಮೈಸೂರು

ರಾಯರೇ, ನಿಮ್ಮ ಕಿವಿಗೆ ಈಗ ಕೇಳಿಸಿದ್ದು ನಮ್ಮಂಥವರಿಗೆ ಮೂವತ್ತು ವರ್ಷಗಳ ಹಿಂದೆಯೇ ಕೇಳಿಸಿತ್ತು. ನಾದ ಎಂಬುದು ಹೊಳೆಯ ಹಾಗೆ ಎಡೆಬಿಡದೆ ಹರಿಯುವಂಥದು, ಸಿ.ಡಿ. ಅದನ್ನು ಸೆಕೆಂಡಿಗೆ 44,100 ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿನ ಎತ್ತರವನ್ನು 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ಕೂರಿಸುತ್ತದೆ. ಎರಡು ಮೆಟ್ಟಿಲುಗಳ ನಡುವೆ ಇದ್ದದ್ದು, ಎರಡು ತುಂಡುಗಳ ನಡುವೆ ಇದ್ದದ್ದು ಎಲ್ಲಿ ಹೋಯಿತು? ಮೀಂಡವೂ ಗಮಕವೂ ಇರುವುದೇ ಸ್ವರಗಳ ನಡುವಿನ ಜಾಗದಲ್ಲಿ. ಆ ನಡುವಿನ ಜಾಗವನ್ನೇ ಎಸೆದುಬಿಡುವ ಯಂತ್ರವೊಂದು ಪಾಶ್ಚಾತ್ಯ ಪಿಯಾನೊಗೆ ಸಾಕಾದೀತು, ನಮ್ಮ ಸಂಗೀತಕ್ಕೆ ಸಾಲದು. ಇದರ ಮೇಲೆ, 22 ಕಿಲೋಹರ್ಟ್ಸ್‌ಗಿಂತ ಮೇಲಿನ ಎಲ್ಲವನ್ನೂ ಅದು ಗೋಡೆ ಕಟ್ಟಿದಂತೆ ತಡೆಯುತ್ತದೆ. ನನ್ನ ಎಲ್‌ಪಿ ತಟ್ಟೆಗಳಲ್ಲಿ ಅಂಥ ಗೋಡೆಯಿಲ್ಲ.

ಶಬ್ದಶೋಧಕ

ಸಂಗ್ರಾಹಕರು ಹೇಳಿದ ಅಂಕಿಗಳು ಸರಿ, ಆದರೆ ಅವುಗಳಿಂದ ತೆಗೆದ ತೀರ್ಮಾನ ಸರಿಯಲ್ಲ. ನಾನು ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಈಗ ನಿವೃತ್ತ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲಿಗೆ 44,100 ಎಂಬ ವಿಚಿತ್ರ ಸಂಖ್ಯೆ. ಅದನ್ನು ಸಂಗೀತ ಬಲ್ಲವರು ಆರಿಸಿದ್ದಲ್ಲ. 1970ರ ದಶಕದಲ್ಲಿ ಡಿಜಿಟಲ್ ಧ್ವನಿಯನ್ನು ಹಿಡಿದಿಡುವಷ್ಟು ಸಾಮರ್ಥ್ಯ ವಿಡಿಯೋ ಟೇಪಿಗೆ ಮಾತ್ರ ಇತ್ತು. ಹಾಗಾಗಿ ಧ್ವನಿಯ ಅಂಕಿಗಳನ್ನು ಚಿತ್ರದ ಗೆರೆಗಳಂತೆ ವೇಷ ತೊಡಿಸಿ, ಗೆರೆಗೆ ಮೂರರಂತೆ ಬರೆಯುತ್ತಿದ್ದರು. ಸೆಕೆಂಡಿಗೆ 60 ಬಾರಿ 245 ಗೆರೆಗಳು ಅಥವಾ 50 ಬಾರಿ 294 ಗೆರೆಗಳು, ಯಾವುದನ್ನು ಗುಣಿಸಿದರೂ 44,100 ಬರುತ್ತದೆ. ಸೋನಿ ಮತ್ತು ಫಿಲಿಪ್ಸ್ ಸೇರಿ 1980ರಲ್ಲಿ ಸಿದ್ಧಪಡಿಸಿದ ‘ಕೆಂಪು ಪುಸ್ತಕ’ವೆಂಬ ನಿಯಮಾವಳಿಗೆ ಅದೇ ಸಂಖ್ಯೆ ಇಳಿದುಬಂತು.

ಇನ್ನು ‘ತುಂಡುಗಳ ನಡುವೆ ಕಳೆದುಹೋದದ್ದು’. ಇದು ಎಲ್ಲರಿಗೂ ಸಹಜವಾಗಿ ಹೊಳೆಯುವ, ಆದರೆ ತಪ್ಪಾದ ಚಿತ್ರ. ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅದನ್ನು ಅಳೆದರೆ, ಆ ಅಳತೆಗಳ ಮೂಲಕ ಹಾದುಹೋಗಬಲ್ಲ ಅಲೆ ಒಂದೇ ಒಂದು ಇರುತ್ತದೆ. ಆದ್ದರಿಂದ ನಡುವಿನ ಭಾಗವನ್ನು ಊಹಿಸಬೇಕಾಗಿಲ್ಲ, ಅದು ತಾನಾಗಿಯೇ ನಿರ್ಧಾರವಾಗಿರುತ್ತದೆ. ನೈಕ್ವಿಸ್ಟ್ 1928ರಲ್ಲಿ ಸೂಚಿಸಿ, ಶಾನನ್ 1949ರಲ್ಲಿ ಸಾಧಿಸಿ ತೋರಿಸಿದ ಗಣಿತವಿದು. ಪ್ಲೇಯರಿನ ಹೊರದಾರಿಯಲ್ಲಿ ಮೆಟ್ಟಿಲುಗಳಿರುವುದಿಲ್ಲ. ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ನಾನೇ ನೋಡಿದ್ದೇನೆ, ನುಣುಪಾದ ಅಲೆಯೇ ಬರುತ್ತದೆ. ಮೀಂಡವಂತೂ ಕಂಪನಾಂಕವು ನಿಧಾನವಾಗಿ ಜಾರುವ ಕ್ರಿಯೆ. ಸೆಕೆಂಡಿಗೆ ಕೆಲವೇ ಬಾರಿ ತೂಗುವ ಗಮಕವು 44,100ರ ಜಾಲರಿಯಿಂದ ಸೋರಿಹೋಗುವ ಪ್ರಶ್ನೆಯೇ ಏಳುವುದಿಲ್ಲ.

ಮೆಟ್ಟಿಲುಗಳ ಎತ್ತರದ ವಿಷಯದಲ್ಲಿ ಮಾತ್ರ ಸಂಗ್ರಾಹಕರ ಆಕ್ಷೇಪಕ್ಕೆ ಒಂದು ಕಾಲದಲ್ಲಿ ಬುಡವಿತ್ತು. ಆ 65,536 ಮೆಟ್ಟಿಲುಗಳೆಂದರೆ 16 ಬಿಟ್‌ಗಳು, ಅವುಗಳಿಂದ ಅತಿ ಮೆಲು ಮತ್ತು ಅತಿ ಜೋರು ಸದ್ದುಗಳ ನಡುವೆ ಸುಮಾರು 96 ಡೆಸಿಬೆಲ್‌ಗಳ ವ್ಯಾಪ್ತಿ ಸಿಗುತ್ತದೆ. ತಂಬೂರಿಯ ತಂತಿ ಮಿಡಿದು ಶಾಂತವಾಗುತ್ತ ಹೋದಂತೆ ಮೂಲ ಸ್ವರದ ಜೊತೆಗೇ ಹುಟ್ಟುವ ಅದರ ಮೇಲಿನ ಸ್ವರಾಂಶಗಳು ಕೊನೆಯ ಮೆಟ್ಟಿಲಿನ ಮಟ್ಟಕ್ಕೆ ಇಳಿಯುತ್ತವೆ. ಅಲ್ಲಿ ಸುಮ್ಮನೆ ಹತ್ತಿರದ ಮೆಟ್ಟಿಲಿಗೆ ಅಂಟಿಸಿಬಿಟ್ಟರೆ, ಉಳಿದ ತಪ್ಪು ಸಂಗೀತಕ್ಕೆ ಅಂಟಿಕೊಂಡ ಕರಕರ ಸದ್ದಾಗುತ್ತದೆ. ಅದಕ್ಕಿರುವ ಮದ್ದು, ಮೆಟ್ಟಿಲು ಹತ್ತಿಸುವ ಮೊದಲೇ ಒಂದು ಚಿಟಿಕೆ ಯಾದೃಚ್ಛಿಕ ಗದ್ದಲವನ್ನು ಬೆರೆಸುವುದು. ಅದಕ್ಕೆ ‘ಡಿದರ್’ ಎನ್ನುತ್ತಾರೆ. ಆಗ ವಿಕೃತಿಯೆಲ್ಲ ಬಹು ಸಣ್ಣ, ಸಮನಾದ ‘ಸ್‌ಸ್’ ಸದ್ದಾಗಿ ಬದಲಾಗುತ್ತದೆ, ಮತ್ತು ಕೊನೆಯ ಮೆಟ್ಟಿಲಿಗಿಂತ ಕೆಳಗಿನ ನಾದವೂ ಆ ಸದ್ದಿನೊಳಗೆ ಕೇಳಿಸುತ್ತದೆ. ಕೆನಡದ ವಾಟರ್ಲೂ ವಿಶ್ವವಿದ್ಯಾಲಯದ ವ್ಯಾಂಡರ್‌ಕೂಯ್ ಮತ್ತು ಲಿಪ್‌ಶಿಟ್ಸ್ 1984ರಲ್ಲಿ ಇದನ್ನು ಕ್ರಮಬದ್ಧವಾಗಿ ತೋರಿಸಿದರು. ಮೊದಲ ಪ್ಲೇಯರ್ ಅಂಗಡಿಗೆ ಬಂದದ್ದು 1982ರ ಅಕ್ಟೋಬರ್ 1ರಂದು, ಜಪಾನಿನಲ್ಲಿ. ರೋಗ ಮೊದಲು, ಮದ್ದಿನ ಚೀಟಿ ಆಮೇಲೆ.

ಎಲ್‌ಪಿ ಸಂಗ್ರಾಹಕ, ಮೈಸೂರು

ಗಣಿತಕ್ಕೆ ತಲೆಬಾಗುತ್ತೇನೆ. ಆದರೆ ಆ ಕಾಲದ ಪ್ಲೇಯರುಗಳು ಕರ್ಕಶವಾಗಿದ್ದವು ಎಂಬುದು ನನ್ನೊಬ್ಬನ ಭ್ರಮೆಯಲ್ಲ.

ಶಬ್ದಶೋಧಕ

ಭ್ರಮೆಯಲ್ಲ, ಒಪ್ಪುತ್ತೇನೆ. 20 ಕಿಲೋಹರ್ಟ್ಸ್ ತನಕ ಏನೂ ತಗ್ಗಬಾರದು, 22.05ರ ಆಚೆ ಏನೂ ಉಳಿಯಬಾರದು ಎಂಬುದು ಪ್ಲೇಯರಿನಲ್ಲಿ ಆ ‘ಗೋಡೆ’ಯಾಗಿ ನಿಲ್ಲುವ ಸೋಸುವ ಸರ್ಕೀಟಿಗೆ ಷರತ್ತು. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಅಷ್ಟು ಕಡಿದಾದ ಗೋಡೆಯನ್ನು ಕಾಯಿಲ್ ಮತ್ತು ಕೆಪಾಸಿಟರುಗಳಿಂದ ಕಟ್ಟಿದಾಗ, ಗೋಡೆಯ ಬುಡದಲ್ಲಿ ಕಂಪನಾಂಕಗಳ ಕಾಲಕ್ರಮ ಅಸ್ತವ್ಯಸ್ತವಾಗುತ್ತಿತ್ತು. ಸೋನಿಯ ಆ ಮೊದಲ ಸಿಡಿಪಿ-101 ಯಂತ್ರದಲ್ಲಿ ಎಡ–ಬಲಗಳೆರಡಕ್ಕೂ, ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಒಂದೇ ಪರಿವರ್ತಕವಿತ್ತು. ಅದು ಸರದಿಯಂತೆ ಕೆಲಸ ಮಾಡುತ್ತಿದ್ದುದರಿಂದ ಒಂದು ಬದಿ ಇನ್ನೊಂದಕ್ಕಿಂತ ಸುಮಾರು 11 ಮೈಕ್ರೋಸೆಕೆಂಡ್ ತಡವಾಗಿ ಹೊರಡುತ್ತಿತ್ತು. ಫಿಲಿಪ್ಸ್‌ನವರ ಕೈಯಲ್ಲಿ ಆಗ ಇದ್ದದ್ದು 14 ಬಿಟ್‌ನ ಪರಿವರ್ತಕ ಮಾತ್ರ. ಅವರು ಅಂಕಿಗಳನ್ನು ನಾಲ್ಕು ಪಟ್ಟು ವೇಗಕ್ಕೆ ಏರಿಸಿ, ಗದ್ದಲವನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ, ಹೊರಗಿನ ಗೋಡೆಯನ್ನು ಇಳಿಜಾರು ಮಾಡಿದರು. ಬಡತನದಿಂದ ಹುಟ್ಟಿದ ಈ ಉಪಾಯವೇ ಗೆದ್ದಿತು. ಇಂದಿನ ಫೋನಿನೊಳಗಿರುವ ಪರಿವರ್ತಕವೂ ಅದೇ ಜಾಡಿನದು.

ಎಲ್‌ಪಿಯ ಬಗ್ಗೆಯೂ ಒಂದು ಮಾತು. ತಟ್ಟೆಯ ನಡುವಿನ ತೂತು ಅರ್ಧ ಮಿಲಿಮೀಟರಿನಷ್ಟು ಸರಿದಿದ್ದರೆ ಸಾಕು, ಒಳಗಿನ ಸುತ್ತುಗಳಲ್ಲಿ ಶ್ರುತಿಯು 1.8 ಸೆಕೆಂಡಿಗೊಮ್ಮೆ ಶೇಕಡಾ 0.8ರಷ್ಟು ಮೇಲೂ ಕೆಳಗೂ ತೂಗಾಡುತ್ತದೆ. ಆಧಾರ ಷಡ್ಜ ನಿಂತ ನೆಲವೇ ಅಲುಗಾಡಿದಂತೆ. ಶ್ರುತಿಯನ್ನು ಪ್ರಾಣವೆಂದು ನಂಬಿದ ನಮ್ಮ ಸಂಗೀತಕ್ಕೆ ಸಿ.ಡಿ. ಕೊಟ್ಟ ದೊಡ್ಡ ಕೊಡುಗೆ ಈ ಅಲುಗಾಟವನ್ನು ಇಲ್ಲವಾಗಿಸಿದ್ದು. ಅದನ್ನು ಯಾರೂ ಹೇಳುವುದಿಲ್ಲ.

ಸ್ಟುಡಿಯೋ ಮೂಲೆ

ಇಪ್ಪತ್ತೆರಡು ವರ್ಷಗಳಿಂದ ಧ್ವನಿಮುದ್ರಣದ ಕೆಲಸದಲ್ಲಿರುವವಳು ನಾನು. ಬಿಟ್ ಮತ್ತು ಕಂಪನಾಂಕಗಳ ಜಗಳ ನಡೆಯುವಾಗಲೆಲ್ಲ ನನಗೆ ಅನಿಸುವುದು, ಮನೆಗೆ ಕನ್ನ ಹಾಕಿದವರು ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದರೆ ನಾವು ಮುಂಬಾಗಿಲ ಬೀಗದ ಗಟ್ಟಿತನವನ್ನು ಚರ್ಚಿಸುತ್ತಿದ್ದೇವೆ ಎಂದು.

ಸಿ.ಡಿ.ಯ ನಿಜವಾದ ದುರ್ದೈವವೆಂದರೆ ಅದರ ಮೇಲ್ಛಾವಣಿ. ಎಲ್‌ಪಿಯಲ್ಲಿ ಸದ್ದು ಹೆಚ್ಚಿಸಿದರೆ ಗೀರಿನ ಅಗಲ ಹೆಚ್ಚುತ್ತದೆ, ಹಾಡಿನ ಅವಧಿ ಕಡಿಮೆಯಾಗುತ್ತದೆ, ಮುಳ್ಳು ಜಿಗಿಯುತ್ತದೆ. ಹೀಗೆ ವಸ್ತುವೇ ‘ಸಾಕು’ ಎನ್ನುತ್ತದೆ. ಸಿ.ಡಿ.ಯಲ್ಲಿ ಹಾಗಿಲ್ಲ. ಗರಿಷ್ಠ ಅಂಕಿಯೊಂದಿದೆ, ಅದನ್ನು ಮೀರಲಾಗದು. ಆದರೆ ಅದರ ಕೆಳಗೆ ಇರುವುದನ್ನೆಲ್ಲ ಮೇಲಕ್ಕೆ ಒತ್ತುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಏರಿಳಿತದ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಛಾವಣಿಗೆ ತಾಗಿಸಿದರೆ ‘ನಮ್ಮ ಹಾಡು ಪಕ್ಕದ ಹಾಡಿಗಿಂತ ಜೋರಾಗಿದೆ’ ಎನ್ನಿಸುತ್ತದೆ. 1990ರ ದಶಕದಲ್ಲಿ ಈ ತಂತ್ರ ಡಿಜಿಟಲ್ ಆದ ಮೇಲೆ ಕೈಗೆ ಕಡಿವಾಣವೇ ಉಳಿಯಲಿಲ್ಲ. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಅದೇ ಹಾಡುಗಳು ವಿಡಿಯೋ ಆಟವೊಂದರಲ್ಲಿ ಇಷ್ಟು ಹಿಂಡದ ರೂಪದಲ್ಲಿ ಸಿಕ್ಕವು. ಎರಡನ್ನೂ ಹೋಲಿಸಿದ ಅಭಿಮಾನಿಗಳೇ ಸಿ.ಡಿ.ಯನ್ನು ಮತ್ತೆ ಸಿದ್ಧಪಡಿಸಿ ಕೊಡಿ ಎಂದು ಮನವಿ ಸಲ್ಲಿಸಿದರು. 96 ಡೆಸಿಬೆಲ್‌ಗಳ ಅರಮನೆ ಕಟ್ಟಿಕೊಟ್ಟರೆ ಜನ ಅದರ ಅಟ್ಟದಲ್ಲಿ ಮಾತ್ರ ವಾಸ ಮಾಡಿದರು.

ನಮ್ಮಲ್ಲಿಯೂ ಇದು ನಡೆದಿದೆ. ಹದಿನೈದು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ವೀಣೆಯ ಮುದ್ರಣ ಮಾಡಿದ್ದೆ. ಆಲಾಪನೆ ಎಲ್ಲಿ ಪಿಸುಗುಟ್ಟುತ್ತದೆಯೋ ಅಲ್ಲಿ ಪಿಸುಗುಟ್ಟಲಿ ಎಂದು ಬಿಟ್ಟಿದ್ದೆ. ಅಚ್ಚಾಗಿ ಬಂದ ತಟ್ಟೆಯಲ್ಲಿ ಆಲಾಪನೆಯೂ ತಾನವೂ ಒಂದೇ ಎತ್ತರದಲ್ಲಿದ್ದವು. ಕಾರಿನಲ್ಲಿ ಕೇಳುವವರಿಗೆ ಅನುಕೂಲವಾಗಲಿ ಎಂದು ಮಾಡಿದೆವು ಎಂಬ ಉತ್ತರ ಬಂತು.

ಹಳೆಯ 78 ಸುತ್ತಿನ ತಟ್ಟೆಗಳಿಂದ ತಯಾರಿಸಿದ ಸಿ.ಡಿ.ಗಳ ಕಥೆ ಬೇರೆ. ಅಲ್ಲಿ ಚಟಪಟ ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಮೇಲಿನ ಸ್ವರಾಂಶಗಳನ್ನೆಲ್ಲ ಗುಡಿಸಿಹಾಕಿ, ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಮಾಡಿದ್ದಾರೆ. ಇನ್ನು ಕೆಲವು ಅಗ್ಗದ ತಟ್ಟೆಗಳು ಎಂಪಿ3 ಕಡತಗಳಿಂದಲೇ ಹುಟ್ಟಿದವು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಅಂಥವುಗಳ ವರ್ಣಪಟಲವನ್ನು, ಅಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂಬ ಚಿತ್ರವನ್ನು, ತೆರೆದು ನೋಡಿ, 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕುಯ್ದಂತೆ ಗೆರೆ ಕಾಣುತ್ತದೆ. ಇವೆಲ್ಲ ತಟ್ಟೆಯ ದೋಷವಲ್ಲ, ತಟ್ಟೆಗೆ ತುಂಬಿದವರ ದೋಷ.

ಎಲ್‌ಪಿ ಸಂಗ್ರಾಹಕ, ಮೈಸೂರು

ಮೇಡಂ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಂದೇ ಸಂಶಯ: ಹಾಗಿದ್ದರೆ 24 ಬಿಟ್, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಎಂದು ದುಬಾರಿ ಬೆಲೆಗೆ ಮಾರುವ ಕಡತಗಳು ಚೆನ್ನಾಗಿ ಕೇಳಿಸುವುದೇಕೆ?

ಶಬ್ದಶೋಧಕ

ಹಲವು ಬಾರಿ ಅವುಗಳನ್ನು ಬೇರೆ ಕೈಗಳು, ಹೆಚ್ಚು ಸಂಯಮದಿಂದ ಸಿದ್ಧಪಡಿಸಿರುತ್ತವೆ, ಅದಕ್ಕೆ. ಮೇಯರ್ ಮತ್ತು ಮೊರನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉನ್ನತ ದರ್ಜೆಯ ಮುದ್ರಣವನ್ನು ನೇರವಾಗಿಯೂ, ನಡುವೆ 16 ಬಿಟ್, 44.1 ಕಿಲೋಹರ್ಟ್ಸ್‌ನ ಕಿರಿದಾದ ದಾರಿಯಲ್ಲಿ ಹಾಯಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಅವರು ಇಂಥ 18 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸರಿಯಾಗಿ ಗುರುತಿಸಿದ್ದು ಶೇಕಡಾ 52.3 ಬಂತು, ತರಬೇತಿ ಪಡೆದ ಕೇಳುಗರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದರೆ ಅದು ಕೂದಲೆಳೆಯಷ್ಟು. ಧಾರವಾಡದ ಕೇಳುಗರಿಗೆ ‘ಸೂಜಿ ಚುಚ್ಚಿದಂತೆ’ ಆಗಿರುವುದನ್ನು ಕೂದಲೆಳೆಯಿಂದ ವಿವರಿಸಲಾಗದು. ಅವರ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ, ನನಗೊಂದು ಅನುಮಾನ ಬಂದಿದೆ, ನಾಳೆ ಬರೆಯುತ್ತೇನೆ.

ಕಡಲಾಚೆಯ ಕನ್ನಡತಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. 2002ರಿಂದ ಏಳೆಂಟು ವರ್ಷ ನಮ್ಮ ಕನ್ನಡ ಕೂಟದ ಕಛೇರಿಗಳನ್ನೆಲ್ಲ ಮನೆಯಲ್ಲೇ ಸಿ.ಡಿ.ಗಳಿಗೆ ಬರೆದು, ಮೇಲೆ ಚೆಂದದ ಕಾಗದದ ಲೇಬಲ್ ಅಂಟಿಸಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಈ ಬೇಸಿಗೆಯಲ್ಲಿ ತೆಗೆದರೆ ನಲವತ್ತರಲ್ಲಿ ಹನ್ನೊಂದು ಓದುತ್ತಲೇ ಇಲ್ಲ, ಇನ್ನು ಕೆಲವು ಟಕಟಕ ಎನ್ನುತ್ತವೆ. ಅಂಗಡಿಯಲ್ಲಿ ಕೊಂಡ, ಅವುಗಳಿಗಿಂತ ಹಳೆಯ ಸಿ.ಡಿ.ಗಳೆಲ್ಲ ಚೆನ್ನಾಗಿವೆ. ಸಿ.ಡಿ. ನೂರು ವರ್ಷ ಬಾಳುತ್ತದೆ ಎಂದಿದ್ದರಲ್ಲ?

ಶಬ್ದಶೋಧಕ

ತಂಗೀ, ಅವೆರಡೂ ನೋಡಲು ಒಂದೇ, ಹುಟ್ಟಿನಲ್ಲಿ ಬೇರೆ. ಅಂಗಡಿಯ ಸಿ.ಡಿ.ಯಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಕುಳಿಗಳಾಗಿರುತ್ತದೆ. ಮನೆಯಲ್ಲಿ ಬರೆದದ್ದರಲ್ಲಿ ಅದು ಲೇಸರ್ ಸುಟ್ಟ ಬಣ್ಣದ ಪದರದಲ್ಲಿರುತ್ತದೆ, ಆ ಬಣ್ಣಕ್ಕೆ ಬಿಸಿಲೂ ಬಿಸಿಯೂ ಶತ್ರು. ಬೇಸಿಗೆಯ ಅಟ್ಟ ಅದರ ಪಾಲಿಗೆ ಬಾಣಲೆ. ಕಾಗದದ ಲೇಬಲ್ ಇನ್ನೊಂದು ತಪ್ಪು: ಅಂಟು ಮೇಲ್ಮೈಯನ್ನು ಎಳೆಯುತ್ತದೆ, ತೂಕದ ಸಮತೋಲ ಕೆಡಿಸುತ್ತದೆ. ಈಗ ಅದನ್ನು ಕಿತ್ತುಹಾಕಲು ಮಾತ್ರ ಹೋಗಬೇಡಿ, ಬೆಳ್ಳಿಯಂಥ ಪದರವೂ ಜೊತೆಗೆ ಬರುತ್ತದೆ. ಓದುವಂಥವನ್ನು ಇಂದೇ ಪ್ರತಿ ಮಾಡಿಕೊಳ್ಳಿ. ಓದದವನ್ನು ಎರಡು ಮೂರು ಬೇರೆ ಬೇರೆ ಡ್ರೈವ್‌ಗಳಲ್ಲಿ, ಕಡಿಮೆ ವೇಗದಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಕೈಚೆಲ್ಲಿದ್ದನ್ನು ಇನ್ನೊಂದು ಓದುವುದುಂಟು.

ಗೀರುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಇದು ಸಿ.ಡಿ.ಯ ನಿಜವಾದ ತಾಂತ್ರಿಕ ಕೊರತೆಗಳಲ್ಲೊಂದು. ಅಂಕಿಗಳನ್ನು ತಟ್ಟೆಯ ಮೇಲೆ ಹಂಚಿ ಹರಡಿ ಬರೆದಿರುವುದರಿಂದ, ಸುರುಳಿಯ ದಾರಿಯಲ್ಲಿ ಸುಮಾರು 4,000 ಬಿಟ್, ಅಂದರೆ ಎರಡೂವರೆ ಮಿಲಿಮೀಟರಿನಷ್ಟು ಒಟ್ಟಿಗೆ ಅಳಿಸಿಹೋದರೂ ಪ್ಲೇಯರ್ ಅದನ್ನು ಲೆಕ್ಕ ಹಾಕಿ ಯಥಾವತ್ತಾಗಿ ಮರಳಿ ಪಡೆಯುತ್ತದೆ. ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ, ಮತ್ತು ಹಾಗೆ ಊಹಿಸಿದ್ದನ್ನು ಯಾರಿಗೂ ಹೇಳುವುದಿಲ್ಲ. ಇದೇ ತಟ್ಟೆಯಲ್ಲಿ ಕಂಪ್ಯೂಟರ್ ಮಾಹಿತಿ ಬರೆಯುವಾಗ ಪ್ರತಿ 2,352 ಬೈಟ್‌ಗಳಲ್ಲಿ 2,048ನ್ನು ಮಾತ್ರ ಮಾಹಿತಿಗೆ ಕೊಟ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಇನ್ನೊಂದು ಕಾವಲಿಗೆ ಇಟ್ಟರು. ಸಂಗೀತಕ್ಕೆ ಆ ಎರಡನೆಯ ಕಾವಲು ಇಲ್ಲ. ಒಂದು ಪತ್ರದ ಒಂದಕ್ಷರ ತಪ್ಪಿದರೆ ಅನರ್ಥ, ತಂಬೂರಿಯ ಒಂದು ಕ್ಷಣ ಊಹೆಯಾದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಲೆಕ್ಕಾಚಾರ. ಸಿ.ಡಿ. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು ಎನ್ನುವುದು ಇದಕ್ಕೇ: ಗೀರು ಬಿದ್ದರೂ ಸುರುಳಿಗೆ ಅಡ್ಡವಾಗಿ ಬೀಳುತ್ತದೆ, ಪ್ರತಿ ಸುತ್ತಿನಲ್ಲೂ ಅಳಿಯುವುದು ಸ್ವಲ್ಪವೇ. ಸುತ್ತಿ ಒರೆಸಿದರೆ ಗೀರು ಸುರುಳಿಯ ಜೊತೆಗೇ ಓಡುತ್ತದೆ. ಮತ್ತೊಂದು ಮಾತು, ಚಿತ್ರವಿರುವ ಬದಿಯೇ ಹೆಚ್ಚು ನಾಜೂಕು. ಹೊಳೆಯುವ ಬದಿಯಲ್ಲಿ ಒಂದು ಮಿಲಿಮೀಟರಿಗೂ ಮಿಕ್ಕಿದ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ, ಚಿತ್ರದ ಬದಿಯಲ್ಲಿ ಇರುವುದು ತೆಳ್ಳನೆಯ ಅರಗು.

ಶಬ್ದಶೋಧಕ

ಈಗ ಧಾರವಾಡದ ಕೇಳುಗರ ಎರಡು ತಂಬೂರಿಗೆ ಬರೋಣ. 1986, ಜಪಾನಿನ ಅಚ್ಚು, ಹಳೆಯ ಪ್ಲೇಯರಿನಲ್ಲಿ ಸರಿ, ಕಂಪ್ಯೂಟರಿನಲ್ಲಿ ಚೂಪು. ಈ ನಾಲ್ಕನ್ನೂ ಒಟ್ಟಿಗೆ ಓದಿದಾಗ ನನಗೆ ನೆನಪಾದದ್ದು ‘ಪ್ರೀ-ಎಂಫಸಿಸ್’ ಎಂಬ ಹಳೆಯ ಪದ್ಧತಿ.

ಮೊದಲ ತಲೆಮಾರಿನ ಪರಿವರ್ತಕಗಳಲ್ಲಿ ಗದ್ದಲ ಹೆಚ್ಚೆಂಬ ಭಯದಿಂದ, ಮುದ್ರಿಸುವಾಗ ಮೇಲಿನ ಕಂಪನಾಂಕಗಳನ್ನು ಬೇಕೆಂದೇ ಹಿಗ್ಗಿಸಿ ಬರೆಯಲು, ಕೇಳಿಸುವಾಗ ಅಷ್ಟನ್ನೇ ತಗ್ಗಿಸಲು ಕೆಂಪು ಪುಸ್ತಕದಲ್ಲಿ ಅವಕಾಶವಿತ್ತು. ತಗ್ಗಿಸುವಾಗ ಗದ್ದಲವೂ ಜೊತೆಗೆ ತಗ್ಗುತ್ತದೆ ಎಂಬುದು ಲಾಭ. ಹೀಗೆ ಬರೆದ ತಟ್ಟೆಗಳಲ್ಲಿ, ಸಂಗೀತದ ಜೊತೆ ಗುಟ್ಟಾಗಿ ಹರಿಯುವ ಉಪಮಾಹಿತಿಯಲ್ಲಿ, ಒಂದೇ ಒಂದು ಬಿಟ್ ಅದನ್ನು ಸಾರುತ್ತದೆ. ಹಳೆಯ ಪ್ಲೇಯರ್ ಆ ಬಿಟ್ ಕಂಡ ಕೂಡಲೇ ತನ್ನ ತಗ್ಗಿಸುವ ಸರ್ಕೀಟನ್ನು ಜೋಡಿಸಿಕೊಳ್ಳುತ್ತದೆ. ಕಂಪ್ಯೂಟರಿನ ಹೆಚ್ಚಿನ ತಂತ್ರಾಂಶಗಳು ಆ ಬಿಟ್ಟನ್ನು ಕೇಳುವುದೇ ಇಲ್ಲ. ಕೇಳುವಂಥವೂ ತಟ್ಟೆಯ ಆರಂಭದ ಪರಿವಿಡಿಯನ್ನು ಮಾತ್ರ ನೋಡುವುದುಂಟು, ಆದರೆ ಕೆಲವು ತಟ್ಟೆಗಳಲ್ಲಿ ಪರಿವಿಡಿ ಸುಮ್ಮನಿದ್ದು ಹಾಡಿನ ಒಳಗೆ ಮಾತ್ರ ಗುರುತಿರುತ್ತದೆ. ಫಲವಾಗಿ ಹಿಗ್ಗಿಸಿದ ರೂಪವೇ ಕಡತವಾಗಿ ಕೂರುತ್ತದೆ. ಅಂಕಿಗಳು ಅವೇ ಎಂಬ ನಿಮ್ಮ ಮಗನ ಮಾತು ಅಕ್ಷರಶಃ ನಿಜ, ಅಂಕಿಗಳನ್ನು ಓದುವ ಸೂಚನೆ ಮಾತ್ರ ದಾರಿಯಲ್ಲಿ ಬಿದ್ದುಹೋಗಿದೆ.

ಪರೀಕ್ಷೆ ಸುಲಭ. ಹಳೆಯ ಪ್ಲೇಯರಿನ ಹೊರದಾರಿಯಿಂದ ಐದು ನಿಮಿಷ ಕಂಪ್ಯೂಟರಿಗೆ ಮುದ್ರಿಸಿಕೊಂಡು, ಅದರ ವರ್ಣಪಟಲವನ್ನು ಕಡತದ ಅದೇ ಭಾಗದೊಂದಿಗೆ ಹೋಲಿಸಿ. ನನ್ನ ಊಹೆ ಸರಿಯಾಗಿದ್ದರೆ, ಕೆಳಗಿನ ಸ್ವರಗಳನ್ನು ಸಮಮಾಡಿಕೊಂಡ ಮೇಲೆ ಕಡತವು 5 ಕಿಲೋಹರ್ಟ್ಸ್‌ನಲ್ಲಿ ನಾಲ್ಕೂವರೆ, 10ರಲ್ಲಿ ಏಳೂವರೆ, 20ರ ಹತ್ತಿರ ಒಂಬತ್ತೂವರೆ ಡೆಸಿಬೆಲ್ ಮೇಲಿರಬೇಕು. ಇದ್ದರೆ, ‘ಸಾಕ್ಸ್’ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಸರಿಪಡಿಸುವ ಆಜ್ಞೆಯೇ ಇದೆ.

ತಂಬೂರಿಯೇ ಇದನ್ನು ಹಿಡಿದುಕೊಟ್ಟದ್ದು ಆಕಸ್ಮಿಕವಲ್ಲ. ತಂತಿಗಳನ್ನು ಹೊತ್ತ ಅದರ ಬಾಗಿದ ಕುದುರೆ ಮತ್ತು ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಜೀವದ ಎಳೆ ಸೇರಿ, ಮೀಟಿದ ಜಾಗದ ನಿಯಮದ ಪ್ರಕಾರ ಇರಲೇಬಾರದ ಸ್ವರಾಂಶಗಳನ್ನೂ ಹುಟ್ಟಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಮೇಲಿನ ಸ್ವರಾಂಶಗಳ ಇಷ್ಟು ದೊಡ್ಡ ಸಂಸಾರವಿರುವ ವಾದ್ಯದಲ್ಲಿ ಆ ತುದಿಯನ್ನು ಏಳು ಡೆಸಿಬೆಲ್ ಎತ್ತಿದರೆ ಅದು ತಗಡಾಗದೆ ಇನ್ನೇನಾದೀತು?

ಧಾರವಾಡದ ಕೇಳುಗ

ಶೋಧಕರೇ, ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಮೂರು ಸಂಜೆ ಕೂತು ಮಾಡಿದೆ. 5ರಲ್ಲಿ ನಾಲ್ಕಕ್ಕೆ ಸ್ವಲ್ಪ ಮೇಲೆ, 10ರಲ್ಲಿ ಏಳಕ್ಕೆ ಸ್ವಲ್ಪ ಮೇಲೆ ಬಂತು. ನೀವು ಹೇಳಿದ ಆಜ್ಞೆ ಕೊಟ್ಟು ಮತ್ತೆ ಕೇಳಿದೆ. ತಂಬೂರಿ ಮರಳಿ ಬಂದಿದೆ. ಮಗನಿಗೆ ತಿಳಿಸಿದಾಗ ಅವನು ಐದು ನಿಮಿಷ ಏನೂ ಹೇಳಲಿಲ್ಲ, ಆಮೇಲೆ ತನ್ನ ಬಳಿ ಇರುವ ಉಳಿದ ಹಳೆಯ ತಟ್ಟೆಗಳ ಪಟ್ಟಿ ಕಳಿಸಿದ.

ಇಷ್ಟು ಗಮನವಿಟ್ಟು ಕೇಳಿದ್ದರಿಂದ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ನಾನು ನನ್ನ ಕುರ್ಚಿಯಲ್ಲಿ ಕೂತರೆ ಗಾಯಕರು ಎರಡು ಸ್ಪೀಕರುಗಳ ನಟ್ಟನಡುವೆ ಕೂತಿರುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕೂರುವ ನಮ್ಮ ಮನೆಯವರಿಗೆ ಅವರು ಬಲಗಡೆಯ ಸ್ಪೀಕರಿನ ಒಳಗೇ ಇದ್ದಾರಂತೆ. ಎರಡೂ ಸ್ಪೀಕರಿಗೆ ಒಂದೇ ಸದ್ದು ಕಳಿಸುವ ಮಾನೋ ಗುಂಡಿ ಒತ್ತಿದರೂ ಪ್ರಯೋಜನವಾಗಲಿಲ್ಲ. ಇದಕ್ಕೂ ಒಂದು ಬಿಟ್ ಇದೆಯೇ?

ಸ್ಟುಡಿಯೋ ಮೂಲೆ

ಸೋಜಿಗವೆಂದರೆ, ಒಂದು ಬಿಟ್ ಇತ್ತು! ನಿಮ್ಮ ತಂಬೂರಿಯನ್ನು ಕೆಡಿಸಿದ ಆ ಗುರುತು ಇರುವುದು ನಾಲ್ಕು ಬಿಟ್‌ಗಳ ಒಂದು ಗುಂಪಿನಲ್ಲಿ. ಅದೇ ಗುಂಪಿನಲ್ಲಿ ‘ಈ ತಟ್ಟೆಯಲ್ಲಿ ಎರಡಲ್ಲ, ನಾಲ್ಕು ವಾಹಿನಿಗಳಿವೆ (ಬೇರೆ ಬೇರೆ ಸ್ಪೀಕರಿಗೆ ಹೋಗುವ ಧ್ವನಿಗಳು)’ ಎಂದು ಸಾರುವುದಕ್ಕೂ ಒಂದು ಬಿಟ್ ಮೀಸಲಾಗಿತ್ತು. ಅದು ಬಳಕೆಗೆ ಬರಲಿಲ್ಲ. ಸಿ.ಡಿ. ಎರಡೇ ವಾಹಿನಿಗಳಲ್ಲಿ ನಿಂತುಹೋಯಿತು, ಮತ್ತು ನನ್ನ ಅಭಿಪ್ರಾಯದಲ್ಲಿ ಬಿಟ್‌ಗಳ ಸಂಖ್ಯೆಗಿಂತಲೂ ಇದು ದೊಡ್ಡ ಕೊರತೆ.

ಸ್ಟೀರಿಯೋ ಒಂದು ಕಣ್ಕಟ್ಟು, ಅಲ್ಲ, ಕಿವಿಕಟ್ಟು. ಇಂಗ್ಲೆಂಡಿನ ಇಎಂಐ ಸಂಸ್ಥೆಯಲ್ಲಿದ್ದ ಅಲನ್ ಬ್ಲೂಮ್‌ಲೈನ್ 1931ರ ಡಿಸೆಂಬರಿನಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. 1934ರಲ್ಲಿ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ವಾದ್ಯವೃಂದವನ್ನೇ ಹಾಗೆ ಮುದ್ರಿಸಿದರು. ನಡುವೆ ಸ್ಪೀಕರೇ ಇಲ್ಲ. ಎರಡೂ ಕಡೆಯಿಂದ ಒಂದೇ ಸದ್ದು ಏಕಕಾಲಕ್ಕೆ ಬಂದಾಗ ನಮ್ಮ ಮಿದುಳು ನಡುವೆ ಒಬ್ಬ ಗಾಯಕನನ್ನು ಕಲ್ಪಿಸಿಕೊಳ್ಳುತ್ತದೆ. ‘ಏಕಕಾಲಕ್ಕೆ’ ಎಂಬ ಷರತ್ತು ಮುರಿದರೆ ಕಲ್ಪನೆಯೂ ಮುರಿಯುತ್ತದೆ. ಶಬ್ದವು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಸ್ಪೀಕರ್ ಇನ್ನೊಂದಕ್ಕಿಂತ ನಿಮಗೆ ಅಷ್ಟು ಹತ್ತಿರವಾದರೆ ಸಾಕು, ಗಾಯಕ ಹೆಚ್ಚುಕಡಿಮೆ ಆ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತಾನೆ. ಪಕ್ಕದ ಕುರ್ಚಿಗೂ ನಿಮ್ಮ ಕುರ್ಚಿಗೂ ಇರುವ ಅಂತರ ಇಷ್ಟಕ್ಕೆ ಧಾರಾಳ. ಮಾನೋ ಗುಂಡಿಯಿಂದ ಪ್ರಯೋಜನವಾಗದ್ದೂ ಇದಕ್ಕೇ: ಸದ್ದು ಒಂದೇ ಆದರೂ ಪೆಟ್ಟಿಗೆಗಳು ಎರಡು ಉಳಿದವು.

ನಡುವಿನ ಕುರ್ಚಿಯಲ್ಲಿ ಕೂತವರಿಗೂ ಪೂರ್ತಿ ನ್ಯಾಯ ಸಿಗುವುದಿಲ್ಲ. ಎಡ ಸ್ಪೀಕರಿನ ಸದ್ದು ಎಡಗಿವಿಗಷ್ಟೇ ಅಲ್ಲ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ ಬಲಗಿವಿಗೂ ತಲುಪುತ್ತದೆ, ಬಲದ್ದೂ ಹಾಗೆಯೇ. ಈ ತಡದಿಂದಾಗಿ 2 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಭಾಗಶಃ ನುಂಗಿಹಾಕುತ್ತವೆ. ಸಾಹಿತ್ಯದ ಸ್ಪಷ್ಟತೆ ಇರುವುದು ಅದೇ ವಲಯದಲ್ಲಿ. ನಿಜವಾದ ಗಾಯಕ ಎದುರು ಕೂತಾಗ ಹೀಗಾಗುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದವರಿಗೆ ನಡುವಿನ ಸ್ಪೀಕರಿನ ಮಹತ್ವ ಗೊತ್ತಿತ್ತು: 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಲುಪಿಸಿದಾಗ ಅವರು ಬಳಸಿದ್ದು ಮೂರು ವಾಹಿನಿಗಳನ್ನು. ಎಲ್‌ಪಿಯ ಗೀರಿಗೆ ಎರಡೇ ಗೋಡೆಗಳು, ಆದ್ದರಿಂದ ಮನೆಗೆ ಬಂದದ್ದು ಎರಡು. ಸಿ.ಡಿ.ಗೆ ಗೀರಿನ ಆ ಕಟ್ಟುಪಾಡು ಇರಲಿಲ್ಲ, ಆದರೂ ಹಳೆಯ ಮನೆಯ ವಿಳಾಸವನ್ನೇ ಇಟ್ಟುಕೊಂಡಿತು. ಆಮೇಲೆ ಸಿ.ಡಿ.ಯ ಉತ್ತರಾಧಿಕಾರಿಯಾಗಿ ಬಂದ 1999ರ ಎಸ್‌ಎಸಿಡಿಯಲ್ಲಿ ಹೆಚ್ಚು ವಾಹಿನಿಗಳು ಬಂದವು, ಅಷ್ಟು ಹೊತ್ತಿಗೆ ಜನ ಎಂಪಿ3ಯ ಬೆನ್ನು ಹತ್ತಿದ್ದರು.

ಮೃದಂಗದ ವಿದ್ಯಾರ್ಥಿ

ಸ್ಟೀರಿಯೋ ಬಗ್ಗೆ ನನ್ನದೂ ಒಂದು ದೂರು. ನನ್ನ ಗುರುಗಳ ತನಿ ಆವರ್ತನವನ್ನು ಮುದ್ರಿಸಿದವರು ಬಲಮುಖಕ್ಕೊಂದು, ಎಡಮುಖಕ್ಕೊಂದು ಮೈಕ್ ಇಟ್ಟು, ಒಂದನ್ನು ಪೂರ್ತಿ ಬಲಕ್ಕೂ ಇನ್ನೊಂದನ್ನು ಪೂರ್ತಿ ಎಡಕ್ಕೂ ತಳ್ಳಿದ್ದಾರೆ. ಕೇಳಿದರೆ ಮೃದಂಗ ನಮ್ಮ ಹಜಾರದಷ್ಟು ಅಗಲವಾಗಿದೆ. ಅದನ್ನು ನುಡಿಸಲು ಕುಂಭಕರ್ಣನೇ ಬರಬೇಕು. ಹೆಡ್‌ಫೋನಿನಲ್ಲಂತೂ ನನ್ನ ತಲೆಯೇ ಮೃದಂಗದ ಕಳಸಿಗೆಯಾಗುತ್ತದೆ.

ಸ್ಟುಡಿಯೋ ಮೂಲೆ

ಅದು ನಮ್ಮ ವೃತ್ತಿಯವರ ಹಳೆಯ ಚಟ, ತಪ್ಪೊಪ್ಪಿಕೊಳ್ಳುತ್ತೇನೆ. ಹೆಡ್‌ಫೋನಿನಲ್ಲಿ ಎಡದ ಸದ್ದು ಬಲಗಿವಿಗೆ ತಲುಪುವುದೇ ಇಲ್ಲವಾದ್ದರಿಂದ ಎಲ್ಲವೂ ತಲೆಯೊಳಗೆ ನಡೆದಂತಾಗುತ್ತದೆ. ಒಂದು ಬದಿಯದನ್ನು ಸ್ವಲ್ಪ ತಗ್ಗಿಸಿ, ಸ್ವಲ್ಪ ತಡಮಾಡಿ ಇನ್ನೊಂದಕ್ಕೆ ಬೆರೆಸುವ ಸೌಲಭ್ಯ ಕೆಲವು ಪ್ಲೇಯರ್ ತಂತ್ರಾಂಶಗಳಲ್ಲಿದೆ, ಹುಡುಕಿ ನೋಡಿ.

ಶಬ್ದಶೋಧಕ

ಕೇಳುಗರೇ, ಎರಡು ಕುರ್ಚಿಗಳ ಜಗಳಕ್ಕೆ ಪೂರ್ಣ ಪರಿಹಾರವಿಲ್ಲ, ಅರ್ಧ ಪರಿಹಾರವಿದೆ. ಮೊದಲು ಸ್ಪೀಕರುಗಳು ಎಲ್ಲಿವೆ ಹೇಳಿ. ಶೋಕೇಸಿನ ಒಳಗಿದ್ದರೆ ಹೊರಗೆ ತೆಗೆಯಿರಿ. ಆಮೇಲೆ ಅವುಗಳನ್ನು ನಿಮ್ಮ ಕಡೆ ನೇರವಾಗಿ ತಿರುಗಿಸದೆ, ಅವುಗಳ ನೋಟ ನಿಮ್ಮ ಕುರ್ಚಿಗಿಂತ ಎರಡು ಮೂರು ಅಡಿ ಮುಂದೆಯೇ ಒಂದನ್ನೊಂದು ಕತ್ತರಿಸುವಷ್ಟು ಒಳಕ್ಕೆ ತಿರುಗಿಸಿ. ಆಗ ಬಲಗಡೆ ಕೂತವರಿಗೆ ಹತ್ತಿರದ ಸ್ಪೀಕರ್ ಓರೆಯಾಗುತ್ತದೆ, ಅದರ ಮೇಲಿನ ಕಂಪನಾಂಕಗಳು ತಗ್ಗುತ್ತವೆ. ದೂರದ್ದು ನೇರವಾಗಿ ಅವರನ್ನೇ ನೋಡುತ್ತದೆ. ಬೇಗ ಬಂದ ಸದ್ದಿನ ಮೇಲುಗೈಯನ್ನು ಜೋರಾಗಿ ಬಂದ ಸದ್ದು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ನೆಲ ಮೊಸಾಯಿಕ್ಕೋ ಗ್ರಾನೈಟೋ ಆಗಿದ್ದರೆ ನಡುವೆ ಒಂದು ಜಮಖಾನೆ ಹಾಸಿ, ನೆಲದಿಂದ ಪುಟಿಯುವ ಮೇಲಿನ ಸದ್ದಾದರೂ ತಗ್ಗುತ್ತದೆ.

ಧಾರವಾಡದ ಕೇಳುಗ

ಶೋಕೇಸಿನ ಒಳಗೇ ಇದ್ದವು, ಗಾಜಿನ ಬಾಗಿಲಿನ ಹಿಂದೆ. ಹೇಳಲು ನಾಚಿಕೆಯಾಗುತ್ತದೆ. ಈಗ ಎರಡು ಸ್ಟೂಲುಗಳ ಮೇಲೆ ಹೊರಗೆ ಬಂದು, ಮದುವೆ ಮಾತುಕತೆಗೆ ಎದುರುಬದುರು ಕೂತ ಬೀಗರಂತೆ ಒಂದನ್ನೊಂದು ನೋಡುತ್ತಿವೆ. ನಡುವೆ ನವಲಗುಂದದ ಜಮಖಾನೆ ಹಾಸಿದ್ದೇವೆ. ನನ್ನ ಕುರ್ಚಿಯಿಂದ ಗಾಯಕರು ಮೊದಲಿನಷ್ಟು ಖಚಿತವಾಗಿ ಒಂದು ಬಿಂದುವಿನಲ್ಲಿಲ್ಲ, ಒಂದು ಗೇಣು ಅಗಲವಾಗಿದ್ದಾರೆ. ಮನೆಯವರ ಕುರ್ಚಿಯಿಂದ ಅವರು ಸ್ಪೀಕರಿನ ಒಳಗಿಂದ ಹೊರಬಂದು, ನಡುವಿಗೆ ಸ್ವಲ್ಪ ಬಲಕ್ಕೆ, ಜಮಖಾನೆಯ ಅಂಚಿನಲ್ಲಿ ಕೂತಿದ್ದಾರಂತೆ. ಗಾಯಕರ ಹಿಂದೆ ನುಡಿಯುವ ಎರಡು ತಂಬೂರಿಗಳಲ್ಲಿ ಎಡಗಡೆಯದು ಶ್ರುತಿಯಲ್ಲಿ ಒಂದು ಕೂದಲಷ್ಟು ಇಳಿದಿದೆ ಎಂದು ಆಕೆ ನಿನ್ನೆ ಮೊದಲ ಬಾರಿಗೆ ಹೇಳಿದರು. ಮತ್ತೆ ಕೇಳಿದೆ, ಹೌದು, ಇಳಿದಿದೆ. ಸುಮಾರು ಹನ್ನೆರಡನೆಯ ನಿಮಿಷದಲ್ಲಿ ಯಾರೋ ಅದನ್ನು ಸದ್ದಿಲ್ಲದೆ ಸರಿಪಡಿಸಿಕೊಳ್ಳುವುದೂ ಕೇಳಿಸುತ್ತದೆ.